ಎಷ್ಟು ಬೆರಳಿಗೆ ಪಿಕ್?

ಹವಾಯಿಯನ್ ಗಿಟಾರ್ ಕಲಿಯಲು ಕೂತವರಿಗೆ ರಾಗ, ತಾಳಗಳಿಗಿಂತ ಮೊದಲು ಎದುರಾಗುವ ಪ್ರಶ್ನೆ ಬಹಳ ಸಣ್ಣದು. ಬಲಗೈಯ ಎಷ್ಟು ಬೆರಳಿಗೆ ಪಿಕ್ ಹಾಕಿಕೊಳ್ಳಬೇಕು? ಹೆಬ್ಬೆರಳಿಗೊಂದು ಬೇಕೇ ಬೇಕು. ಅದರ ಜೊತೆಗೆ ಒಂದೋ, ಎರಡೋ, ಮೂರೋ? ಈ ಪ್ರಶ್ನೆಗೆ ನಾನು ಎರಡು ಸಲ ತಪ್ಪು ಉತ್ತರ ಕೊಟ್ಟುಕೊಂಡೆ. ಅವೇ ಎರಡು ತಪ್ಪುಗಳನ್ನು, ಅದೇ ಅನುಕ್ರಮದಲ್ಲಿ, ಬೋಧನಾಭ್ಯಾಸದ ತರಗತಿಯಲ್ಲೂ ಮಾಡಿದೆ. ಗಿಟಾರಿನ ತಪ್ಪಿನಿಂದ ಕೆಟ್ಟದ್ದು ನನ್ನ ಕೈ ಮಾತ್ರ. ತರಗತಿಯ ತಪ್ಪಿನ ಪೆಟ್ಟು ಒಬ್ಬ ಹುಡುಗಿಗೆ ಬಿತ್ತು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ವಾದ್ಯದ ಬಗ್ಗೆ ನಾಲ್ಕು ಮಾತು. ಹವಾಯಿಯನ್ ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು ನುಡಿಸುತ್ತಾರೆ. ಅದಕ್ಕೇ ಅದಕ್ಕೆ ಲ್ಯಾಪ್ ಸ್ಟೀಲ್ ಎಂಬ ಹೆಸರೂ ಇದೆ. ಎಡಗೈ ಬೆರಳುಗಳಿಂದ ತಂತಿಯನ್ನು ಒತ್ತುವುದಿಲ್ಲ. ಉಕ್ಕಿನ ಒಂದು ನುಣುಪಾದ ತುಂಡನ್ನು ಹಿಡಿದು ತಂತಿಗಳ ಮೇಲೆ ಜಾರಿಸುತ್ತಾರೆ. ಹವಾಯಿಯ ಓಹು ದ್ವೀಪದ ಜೋಸೆಫ್ ಕೆಕುಕು ಎಂಬ ಹುಡುಗ ಸುಮಾರು 1889ರಲ್ಲಿ, ಶಾಲೆಯಲ್ಲಿ ಓದುತ್ತಿದ್ದಾಗಲೇ, ಈ ಕ್ರಮವನ್ನು ಕಂಡುಕೊಂಡ ಎಂಬುದು ಪ್ರಸಿದ್ಧ. ರೈಲು ಹಳಿಯ ಬೋಲ್ಟೊಂದು ತಂತಿಗೆ ತಾಗಿದಾಗ ಹೊರಟ ನಾದದಿಂದ ಅವನಿಗೆ ಇದು ಹೊಳೆಯಿತು ಎಂಬ ಕತೆಯೂ ಇದೆ. 1932ರಲ್ಲಿ ಮಾರುಕಟ್ಟೆಗೆ ಬಂದ ರಿಕನ್‌ಬ್ಯಾಕರ್ ಕಂಪನಿಯ 'ಫ್ರೈಯಿಂಗ್ ಪ್ಯಾನ್', ಅಂದರೆ ಬಾಣಲೆ ಎಂಬ ಅಡ್ಡಹೆಸರಿನ ಎಲೆಕ್ಟ್ರಿಕ್ ಗಿಟಾರ್ ಕೂಡ ತೊಡೆಯ ಮೇಲಿಟ್ಟು ನುಡಿಸುವ ಇದೇ ಜಾತಿಯದು.

ನಮ್ಮ ದೇಶಕ್ಕೂ ಇದು ಹೊಸತಲ್ಲ. ವಾನ್ ಶಿಪ್ಲೆ, ಸುನಿಲ್ ಗಂಗೂಲಿ ಅವರ ಸಿನಿಮಾ ಗೀತೆಗಳ ವಾದನದ ರೆಕಾರ್ಡುಗಳನ್ನು ನಮ್ಮ ಅಜ್ಜ-ಅಜ್ಜಿಯರ ಕಾಲದವರು ಕೇಳಿದ್ದಾರೆ. ಬ್ರಿಜ್ ಭೂಷಣ್ ಕಾಬ್ರಾ ಅವರು ಈ ಗಿಟಾರನ್ನು ಹಿಂದೂಸ್ತಾನಿ ಸಂಗೀತಕ್ಕೆ ಒಗ್ಗಿಸಿದರು. 1967ರ 'ಕಾಲ್ ಆಫ್ ದಿ ವ್ಯಾಲಿ'ಯಲ್ಲಿ ಶಿವಕುಮಾರ್ ಶರ್ಮಾ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲಿನ ಜೊತೆ ಕೇಳುವುದು ಅವರ ಗಿಟಾರೇ. ವಿಶ್ವಮೋಹನ್ ಭಟ್ ಅವರು ಅದಕ್ಕೆ ಇನ್ನಷ್ಟು ತಂತಿಗಳನ್ನು ಸೇರಿಸಿ ಮೋಹನವೀಣೆ ಮಾಡಿದರು. 1994ರಲ್ಲಿ ಅವರಿಗೆ ಗ್ರ್ಯಾಮಿ ಪ್ರಶಸ್ತಿ ಬಂತು. ಇನ್ನು ಜಾರಿಸಿ ನುಡಿಸುವ ಕ್ರಮವಂತೂ ದಕ್ಷಿಣದಲ್ಲಿ ಗೋಟುವಾದ್ಯದ ರೂಪದಲ್ಲಿ ಇದ್ದೇ ಇದೆ. ಗೋಟುವಾದ್ಯದ ನಾರಾಯಣ ಅಯ್ಯಂಗಾರ್ ಮೈಸೂರು ಆಸ್ಥಾನ ವಿದ್ವಾಂಸರಾಗಿದ್ದವರು.

ನನಗೆ ಇದನ್ನು ಕಲಿಸಿದವರು ಹುಬ್ಬಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕಾ. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಹರೆಯದಲ್ಲಿ ಗಣೇಶ ಹಬ್ಬ, ಮದುವೆಗಳ ಆರ್ಕೆಸ್ಟ್ರಾದಲ್ಲಿ ಹವಾಯಿಯನ್ ಗಿಟಾರ್ ನುಡಿಸುತ್ತಿದ್ದರು. ಕೆಕುಕುವಿನ ಬೋಲ್ಟಿನ ಕತೆ ಹೇಳಿದಾಗ ಅವರಿಗಾದ ಸಂತೋಷ ಇಷ್ಟಿಷ್ಟಲ್ಲ. "ನೋಡ, ರೇಲ್ವೆದವ್ರ ಸಾಮಾನಿಲ್ಲದ ಏನೂ ನಡಿಯಂಗಿಲ್ಲ" ಎಂದು ವಾರಗಟ್ಟಲೆ ಹೇಳಿಕೊಂಡು ತಿರುಗಿದರು. ಬಿ.ಎಸ್ಸಿ. ಮುಗಿಸಿ ಎರಡು ವರ್ಷ ಟ್ಯೂಷನ್ ಹೇಳುತ್ತ ಕಳೆದು ಬಿ.ಇಡಿ.ಗೆ ಸೇರಿದ ವರ್ಷ ನಾನು ಅವರ ಹತ್ತಿರ ಕಲಿಯಲು ಹೋದೆ. ಮನೆಯಲ್ಲಿದ್ದ ಸಾಮಾನ್ಯ ಗಿಟಾರಿಗೇ ತಂತಿಗಳನ್ನು ಎತ್ತರಿಸುವ ಲೋಹದ ಪಟ್ಟಿಯೊಂದನ್ನು ತುದಿಯಲ್ಲಿ ಕೂರಿಸಿ, ಆರು ತಂತಿಗಳನ್ನು ಸ ಪ ಸ ಗ ಪ ಸ ಎಂದು ಶ್ರುತಿ ಮಾಡಿಕೊಟ್ಟರು.

ಪಿಕ್‌ಗಳನ್ನು ನಾನೇ ತರಿಸಿದೆ. ಹೆಬ್ಬೆರಳಿಗೆ ಪ್ಲಾಸ್ಟಿಕ್‌ನದು ಒಂದು, ಉಳಿದ ಬೆರಳುಗಳಿಗೆ ಲೋಹದವು ಮೂರು. ಒಳ್ಳೆಯ ವಾದಕರು ಮೂರು ಬೆರಳಿಗೆ ಹಾಕಿ ನುಡಿಸುವುದನ್ನು ವಿಡಿಯೊದಲ್ಲಿ ನೋಡಿದ್ದೆ. ಕೊನೆಗೆ ಬೇಕಾಗುವುದು ಅದೇ ಅಂದಮೇಲೆ ಮೊದಲಿನಿಂದಲೇ ಯಾಕೆ ಹಾಕಬಾರದು ಎಂಬುದು ನನ್ನ ತರ್ಕ. ಮೊದಲ ದಿನ ಲೋಹದ ಪಿಕ್‌ಗಳನ್ನು ಉಲ್ಟಾ ಹಾಕಿಕೊಂಡು ಹೋಗಿದ್ದೆ. ಅದರ ನಾಲಿಗೆ ಉಗುರಿನ ಮೇಲೆ ಬರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಅದು ಬೆರಳಿನ ಒಳಬದಿಯ ಮೆತ್ತನೆಯ ಭಾಗವನ್ನು ಮುಚ್ಚಿಕೊಂಡು ಕೂರಬೇಕು. ತಂತಿಗೆ ತಾಗುವುದು ಆ ಬದಿ. ಕಾಕಾ ನಕ್ಕು, ತಿರುಗಿಸಿ ಹಾಕಿ, ಚಿಮಟದಿಂದ ಅದರ ತುದಿಯನ್ನು ನನ್ನ ಬೆರಳಿನ ಬಾಗಿಗೆ ಹೊಂದುವ ಹಾಗೆ ಬಗ್ಗಿಸಿಕೊಟ್ಟರು.

"ಕಾಕಾ, ಎಷ್ಟು ಬೆರಳಿಗೆ ಹಾಕಬೇಕು?"

"ಎಷ್ಟ ಬೆರಳಿಗೆ ಅಂತ ಕೇಳತೀ. ಏನ್ ನುಡಸ್ತೀ ಅಂತ ಇನ್ನೂ ಹೇಳಿಲ್ಲಲ್ಲ, ತಂಗಿ."

ಇದು ಜಾರಿಕೆಯ ಉತ್ತರ ಎಂದು ಆಗ ಅಂದುಕೊಂಡೆ. ನಾಲ್ಕೂ ಪಿಕ್ ಹಾಕಿಕೊಂಡು ಮೂರು ವಾರ ಕೂತೆ. ಉಂಗುರ ಬೆರಳಿನ ಪಿಕ್ ತನಗೆ ಸಂಬಂಧವಿಲ್ಲದ ತಂತಿಗೆ ಟಣ್ ಎಂದು ಬಡಿಯುತ್ತಿತ್ತು. ನಡುಬೆರಳಿನದು ಅದಕ್ಕೆ ತಾಗಿ ಚಿಟಿಚಿಟಿ ಅನ್ನುತ್ತಿತ್ತು. ಯಾವ ಬೆರಳು ಯಾವ ತಂತಿಗೆ ಎಂದು ನೋಡುತ್ತ ಕೂತರೆ ಎಡಗೈಯ ಉಕ್ಕು ಎಲ್ಲಿದೆ ಎಂಬುದು ಮರೆತುಹೋಗುತ್ತಿತ್ತು. ಈ ವಾದ್ಯದಲ್ಲಿ ಮನೆಗಳ ಮೇಲೆ ಒತ್ತುವ ಆಸರೆ ಇಲ್ಲ. ಉಕ್ಕು ಕೂದಲೆಳೆಯಷ್ಟು ಆಚೀಚೆಯಾದರೂ ಸ್ವರ ತಪ್ಪುತ್ತದೆ. ಕಿವಿ ಇರಬೇಕಾದದ್ದು ಅಲ್ಲಿ. ನನ್ನ ಗಮನವೆಲ್ಲ ಬಲಗೈಯಲ್ಲೇ ಖರ್ಚಾಗಿ ಹೋಗುತ್ತಿತ್ತು. ಮೂರು ವಾರಕ್ಕೆ ಒಂದು ಸರಳ ಭಜನೆಯ ಪಲ್ಲವಿಯೂ ಕೈಗೆ ಬರಲಿಲ್ಲ.

ಅದೇ ದಿನಗಳಲ್ಲಿ ನಮ್ಮ ಬೋಧನಾಭ್ಯಾಸ ಶುರುವಾಯಿತು. ನನಗೆ ಸಿಕ್ಕಿದ್ದು ಧಾರವಾಡ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕಾರಣದಿಂದ ಹತ್ತನೇ ತರಗತಿಯನ್ನು ಸಾಮಾನ್ಯವಾಗಿ ಶಿಕ್ಷಣಾರ್ಥಿಗಳಿಗೆ ಬಿಟ್ಟುಕೊಡುವುದಿಲ್ಲ. ಅಲ್ಲಿನ ಮಾರ್ಗದರ್ಶಕ ಶಿಕ್ಷಕರು ನಂಬಿಕೆಯಿಟ್ಟು ಬೆಳಕಿನ ಘಟಕದಲ್ಲಿ ಕೆಲವು ಅವಧಿಗಳನ್ನು ಕೊಟ್ಟರು. ವಿಷಯ: ನಿಮ್ನ ದರ್ಪಣದಿಂದ ಉಂಟಾಗುವ ಪ್ರತಿಬಿಂಬಗಳು, ಕಿರಣ ರೇಖಾಚಿತ್ರ.

ವಿಜ್ಞಾನದವರಲ್ಲದ ಓದುಗರಿಗಾಗಿ ಹೇಳುತ್ತೇನೆ. ದರ್ಪಣದ ಮುಂದೆ ವಸ್ತುವೊಂದನ್ನು ಇಟ್ಟಾಗ ಪ್ರತಿಬಿಂಬ ಎಲ್ಲಿ ಮೂಡುತ್ತದೆ ಎಂದು ತಿಳಿಯಲು ವಸ್ತುವಿನ ತುದಿಯಿಂದ ಹೊರಡುವ ಕಿರಣಗಳನ್ನು ಎಳೆದು ನೋಡುತ್ತೇವೆ. ಅವು ಪ್ರತಿಫಲಿಸಿ ಎಲ್ಲಿ ಕೂಡುತ್ತವೋ ಅಲ್ಲಿ ಪ್ರತಿಬಿಂಬ. ಇದಕ್ಕೆ ಅನುಕೂಲವಾದ ನಾಲ್ಕು ಕಿರಣಗಳನ್ನು ಪಠ್ಯಪುಸ್ತಕ ಹೇಳುತ್ತದೆ. ಪ್ರಧಾನ ಅಕ್ಷಕ್ಕೆ ಸಮಾಂತರವಾಗಿ ಬಂದ ಕಿರಣ ಪ್ರತಿಫಲಿಸಿ ಸಂಗಮಬಿಂದು ಎಫ್ ಮೂಲಕ ಹೋಗುತ್ತದೆ. ಎಫ್ ಮೂಲಕ ಬಂದದ್ದು ಪ್ರತಿಫಲಿಸಿ ಸಮಾಂತರವಾಗುತ್ತದೆ. ವಕ್ರತಾ ಕೇಂದ್ರ ಸಿ ಮೂಲಕ ಬಂದದ್ದು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ದರ್ಪಣದ ಧ್ರುವಕ್ಕೆ ಓರೆಯಾಗಿ ಬಂದದ್ದು ಅಕ್ಷದ ಇನ್ನೊಂದು ಬದಿಗೆ ಅಷ್ಟೇ ಕೋನದಲ್ಲಿ ಹೋಗುತ್ತದೆ. ಒಂದು ಚಿತ್ರಕ್ಕೆ ಇವುಗಳಲ್ಲಿ ಯಾವುದಾದರೂ ಎರಡು ಸಾಕು.

'ಎ' ವಿಭಾಗದಲ್ಲಿ ನಾನು ನಾಲ್ಕನ್ನೂ ಒಂದೇ ಅವಧಿಯಲ್ಲಿ ಹೇಳಿದೆ. ನಾಲ್ಕು ಬಣ್ಣದ ಸೀಮೆಸುಣ್ಣ, ನಾಲ್ಕು ನಿಯಮ, ಒಂದೇ ಚಿತ್ರದಲ್ಲಿ ನಾಲ್ಕು ಗೆರೆ. ಕರಿಹಲಗೆ ಚೆಂದ ಕಾಣುತ್ತಿತ್ತು. ಅವಲೋಕನಕ್ಕೆ ಬಂದಿದ್ದ ಸಹಪಾಠಿಗಳು ಕರಿಹಲಗೆಯ ಬಳಕೆಗೆ ಒಳ್ಳೆಯ ಅಂಕ ಕೊಟ್ಟರು. ಕೊನೆಯ ಐದು ನಿಮಿಷದಲ್ಲಿ ಮಕ್ಕಳಿಗೆ ಒಂದು ಚಿತ್ರ ಬಿಡಿಸಲು ಹೇಳಿ ಬೆಂಚುಗಳ ನಡುವೆ ನಡೆದೆ. ಒಬ್ಬ ಸಮಾಂತರ ಕಿರಣವನ್ನು ಸಿ ಮೂಲಕ ಕಳಿಸಿದ್ದ. ಒಬ್ಬಳು ಎಫ್ ಮೂಲಕ ಬಂದದ್ದನ್ನು ಬಂದ ದಾರಿಯಲ್ಲೇ ವಾಪಸು ಕಳಿಸಿದ್ದಳು. ನಾಲ್ಕು ನಿಯಮಗಳು ಒಂದಕ್ಕೊಂದು ಬಡಿದು ಟಣ್ ಅನ್ನುತ್ತಿದ್ದವು. ಆ ಸದ್ದು ನನಗೆ ಪರಿಚಿತವಾಗಿತ್ತು.

ಆ ಸಂಜೆ ಕಾಕಾ ನನ್ನ ಬೆರಳುಗಳಿಂದ ಎರಡು ಪಿಕ್ ಕಳಚಿ ಡಬ್ಬಿಯಲ್ಲಿ ಹಾಕಿದರು. ಹೆಬ್ಬೆರಳು ಮತ್ತು ತೋರುಬೆರಳಿನವು ಮಾತ್ರ ಉಳಿದವು. "ಮೊದ್ಲ ಒಂದ ಹಾಡ ಹೊರಗ ಬರ್ಲಿ" ಎಂದರು. ಹತ್ತೇ ದಿನಕ್ಕೆ ಭಜನೆ ಬಂತು. ಕೆಳಗಿನ ತಂತಿಗಳಿಗೆ ಹೆಬ್ಬೆರಳು, ಮೇಲಿನವುಗಳಿಗೆ ತೋರುಬೆರಳು, ಇಷ್ಟೇ ಲೆಕ್ಕ. ಕಿವಿ ಎಡಗೈಗೆ ಮರಳಿತು. ಕಿಟಕಿಯಾಚೆ ಕೂತಿದ್ದ ಅಮ್ಮ ಯಾವ ಹಾಡು ಎಂದು ಗುರುತಿಸಿದ ದಿನ ನಾನು ಎರಡು ತುತ್ತು ಹೆಚ್ಚು ಉಂಡೆ.

ಅದೇ ಹುರುಪಿನಲ್ಲಿ 'ಬಿ' ವಿಭಾಗಕ್ಕೆ ಹೊಸ ಪಾಠಯೋಜನೆ ಬರೆದೆ. ಎರಡೇ ಕಿರಣ. ಸಮಾಂತರ ಹೋದದ್ದು ಎಫ್ ಮೂಲಕ ಬರುತ್ತದೆ, ಎಫ್ ಮೂಲಕ ಹೋದದ್ದು ಸಮಾಂತರ ಬರುತ್ತದೆ. ಒಂದಕ್ಕೆ ಇನ್ನೊಂದು ತಿರುಗುಮುರುಗು, ನೆನಪಿಡಲು ಸುಲಭ. "ಈ ಎರಡು ಗೊತ್ತಿದ್ದರೆ ಯಾವ ಚಿತ್ರವನ್ನಾದರೂ ಬಿಡಿಸಬಹುದು" ಎಂದು ಧೈರ್ಯವಾಗಿ ಹೇಳಿದೆ. ಈ ವಾಕ್ಯವನ್ನು ನೆನಪಿಟ್ಟುಕೊಳ್ಳಬೇಕೆಂದು ಓದುಗರನ್ನು ಕೇಳಿಕೊಳ್ಳುತ್ತೇನೆ. ಪಾಠ ಚೆನ್ನಾಗಿ ನಡೆಯಿತು. ವಸ್ತು ಸಿ ಆಚೆ ಇದ್ದಾಗ, ಸಿ ಮೇಲೆ ಇದ್ದಾಗ, ಸಿ ಮತ್ತು ಎಫ್ ನಡುವೆ ಇದ್ದಾಗ, ಮೂರೂ ಚಿತ್ರಗಳನ್ನು ಹೆಚ್ಚಿನ ಮಕ್ಕಳು ತಾವೇ ಬಿಡಿಸಿದರು. ಮಾರ್ಗದರ್ಶಕ ಶಿಕ್ಷಕರು ಅವಲೋಕನ ಪುಸ್ತಕದಲ್ಲಿ ಉತ್ತಮ ಎಂದು ಬರೆದರು.

ಮರುದಿನದ ಅವಧಿಯಲ್ಲಿ, ವಸ್ತು ಸರಿಯಾಗಿ ಎಫ್ ಮೇಲೆಯೇ ಇದ್ದರೆ ಏನಾಗುತ್ತದೆ, ಯಾರು ಬಂದು ಬಿಡಿಸುತ್ತೀರಿ ಎಂದು ಕೇಳಿದೆ. ಕಿಟಕಿ ಪಕ್ಕದ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಕೈ ಎತ್ತಿದಳು. ಅಲ್ಲಿಯವರೆಗೆ ಒಮ್ಮೆಯೂ ಕೈ ಎತ್ತಿದವಳಲ್ಲ. ಬರೆಯುವಾಗ ಎಡಗೈಯಿಂದ ನೋಟ್‌ಬುಕ್ ಮುಚ್ಚಿಕೊಂಡು ಬರೆಯುತ್ತಿದ್ದ ಹುಡುಗಿ. ಬಂದಳು. ದರ್ಪಣ ಬಿಡಿಸಿದಳು, ಅಕ್ಷ ಎಳೆದಳು, ಎಫ್ ಮೇಲೆ ಬಾಣದ ಗುರುತಿನ ವಸ್ತುವನ್ನು ನಿಲ್ಲಿಸಿದಳು. ಸಮಾಂತರ ಕಿರಣವನ್ನು ಸರಿಯಾಗಿ ಎಳೆದು, ಪ್ರತಿಫಲನವನ್ನು ಎಫ್ ಮೂಲಕ ಕಳಿಸಿದಳು. ಎರಡನೆಯ ಕಿರಣಕ್ಕೆ ಅಳತೆಪಟ್ಟಿಯನ್ನು ವಸ್ತುವಿನ ತುದಿಗೂ ಎಫ್‌ಗೂ ಹೊಂದಿಸಿ ಇಟ್ಟಳು. ಅಲ್ಲಿಯೇ ನಿಂತಳು. ಮತ್ತೆ ಹೊಂದಿಸಿದಳು. ಆಮೇಲೆ ವಸ್ತುವಿನ ಮೇಲೆಯೇ ನೆಟ್ಟಗೆ ಕೆಳಕ್ಕೆ ಗೆರೆ ಎಳೆದು, ಕರಿಹಲಗೆಯ ತಳದವರೆಗೂ ಒಯ್ದಳು.

"ಟೀಚರ್, ಇದು ಕನ್ನಡಿಗೆ ಹೋಗಂಗೇ ಇಲ್ರಿ."

ಹಿಂದಿನಿಂದ ಯಾರೋ ನಕ್ಕರು. ನನ್ನ ಪಾಠಯೋಜನೆಯಲ್ಲಿ 'ನಿರೀಕ್ಷಿತ ಉತ್ತರ' ಎಂಬ ಅಂಕಣದಲ್ಲಿ 'ಪ್ರತಿಬಿಂಬ ಅನಂತದೂರದಲ್ಲಿ' ಎಂದು ಬರೆದಿತ್ತು. ಗಂಟೆ ಹೊಡೆಯಲು ಏಳೆಂಟು ನಿಮಿಷ ಉಳಿದಿತ್ತು. ನಾನು ಕರಿಹಲಗೆಯನ್ನು ಸರಿಯಾಗಿ ನೋಡಲೂ ಇಲ್ಲ. "ತಪ್ಪಾಗಿದೆ. ಎಫ್ ಮೂಲಕ ಕನ್ನಡಿಗೆ ಹೋಗಬೇಕು ಅಂತ ನಿನ್ನೆ ಹೇಳಿದೆನಲ್ಲ. ಕೂತ್ಕೋ" ಎಂದೆ. ಅವಳು ಡಸ್ಟರ್ ತೆಗೆದುಕೊಂಡು ತಾನು ಎಳೆದ ಗೆರೆಯನ್ನು ಮಾತ್ರ ಒರೆಸಿ, ಹೋಗಿ ಕೂತಳು. ಉತ್ತರವನ್ನು ನಾನೇ ಹೇಳಿ, ಕೋಷ್ಟಕ ಬರೆಸಿ ಅವಧಿ ಮುಗಿಸಿದೆ.

ರಾತ್ರಿ ದಾಖಲೆ ಪುಸ್ತಕಕ್ಕೆ ಅದೇ ಚಿತ್ರವನ್ನು ಬಿಡಿಸಬೇಕಿತ್ತು. ವಸ್ತುವನ್ನು ಎಫ್ ಮೇಲೆ ನಿಲ್ಲಿಸಿದೆ. ಸಮಾಂತರ ಕಿರಣ ಎಳೆದೆ. ಎರಡನೆಯದಕ್ಕೆ ಅಳತೆಪಟ್ಟಿ ಇಟ್ಟೆ. ಪಟ್ಟಿ ನೆಟ್ಟಗೆ ನಿಂತಿತು. ವಸ್ತು ಎಫ್ ಮೇಲೆಯೇ ಇದ್ದಮೇಲೆ ಅದರ ತುದಿಯಿಂದ ಎಫ್‌ಗೆ ಹೋಗುವ ಗೆರೆ ಆ ವಸ್ತುವಿನ ಮೈಯೇ. ಅದು ದರ್ಪಣಕ್ಕೆ ತಾಗುವ ಪ್ರಶ್ನೆಯೇ ಇಲ್ಲ. ಹುಡುಗಿ ಹೇಳಿದ್ದು ಅಕ್ಷರಶಃ ಸರಿ. ಇಲ್ಲಿ ಮೂರನೆಯ ಕಿರಣ ಬೇಕು. ಸಿ ಯಿಂದ ವಸ್ತುವಿನ ತುದಿಯನ್ನು ಹಾದು ದರ್ಪಣಕ್ಕೆ ಹೋಗುವ ರೇಖೆಯ ಗುಂಟ ಬಂದ ಕಿರಣ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಅದು ಮತ್ತು ಮೊದಲನೆಯ ಕಿರಣದ ಪ್ರತಿಫಲನ ಎರಡೂ ಒಂದಕ್ಕೊಂದು ಸಮಾಂತರ. ಕೂಡುವುದೇ ಇಲ್ಲ. ಆದ್ದರಿಂದ ಪ್ರತಿಬಿಂಬ ಅನಂತದೂರದಲ್ಲಿ. ನಾನು ಬರೆಸಿದ ಉತ್ತರ ಸರಿಯಿತ್ತು. ಅದಕ್ಕೆ ಹೋಗುವ ದಾರಿಯನ್ನು ಮಕ್ಕಳಿಗೆ ಕೊಟ್ಟಿರಲಿಲ್ಲ. ದಾರಿ ಇಲ್ಲ ಎಂದು ಕಂಡುಹಿಡಿದವಳನ್ನು ತಪ್ಪು ಎಂದು ಕೂರಿಸಿದ್ದೆ.

ಇಷ್ಟಾದ ಮೇಲೆ ಕಾಕಾ ಅದಕ್ಕೂ ಒಂದು ವಾರ ಮೊದಲು ಹೇಳಿದ್ದ ಮಾತು ನೆನಪಾಯಿತು. ಭಜನೆಯ ಕೊನೆಯಲ್ಲಿ ಮೇಲಿನ ಮೂರು ತಂತಿಗಳನ್ನು, ಗ ಪ ಸ, ಒಟ್ಟಿಗೆ ಮೀಟಿ ನಿಲ್ಲಿಸಬೇಕಿತ್ತು. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಎರಡು ತಂತಿ ಮಾತ್ರ ಏಕಕಾಲಕ್ಕೆ ನುಡಿಯುತ್ತವೆ. ಹೆಬ್ಬೆರಳಿನಿಂದ ಮೂರನ್ನೂ ಸವರಿದರೆ ಸ್ವರಗಳು ಒಂದರ ಹಿಂದೆ ಒಂದು ಸಾಲಾಗಿ ಬೀಳುತ್ತವೆ. ಆಗ ನಡುಬೆರಳಿಗೆ ಪಿಕ್ ಹಾಕಿ ನೋಡಿದೆ. ಬೆರಳು ಏಳಲೇ ಇಲ್ಲ. ಹತ್ತು ದಿನ ಅದನ್ನು ಅಂಗೈಯೊಳಗೆ ಮಡಚಿ ಇಟ್ಟುಕೊಂಡೇ ನುಡಿಸಿದ್ದೆ. ಅದಕ್ಕೆ ಅದೇ ರೂಢಿಯಾಗಿತ್ತು. ತೆಗೆದರೆ ಇಡೀ ಕೈಯ ಭಂಗಿಯೇ ಅಲುಗುತ್ತಿತ್ತು. ಮನೋವಿಜ್ಞಾನದ ಪತ್ರಿಕೆಯಲ್ಲಿ ಓದಿದ ಋಣಾತ್ಮಕ ವರ್ಗಾವಣೆ ಎಂಬುದು ನನ್ನ ಕೈಯಲ್ಲೇ ಕೂತಿತ್ತು. ಹಿಂದೆ ಕಲಿತದ್ದು ಮುಂದೆ ಕಲಿಯಬೇಕಾದದ್ದಕ್ಕೆ ಅಡ್ಡ ಬಂದಿತ್ತು.

ಕಾಕಾ ನೋಡುತ್ತ ಕೂತಿದ್ದರು. "ಪಿಕ್ ತಗೀ ಅಂದಿದ್ದೆ ತಂಗಿ. ಬೆರಳಿಗೆ ಮಲಕ್ಕೋ ಅಂದಿದ್ದಿಲ್ಲ" ಎಂದರು.

ತಮ್ಮ ಕೈ ತೋರಿಸಿದರು. ಅವರು ಹಾಕುವುದು ಹೆಬ್ಬೆರಳಿಗೆ ಒಂದು, ತೋರುಬೆರಳು ನಡುಬೆರಳಿಗೆ ಒಂದೊಂದು, ಒಟ್ಟು ಮೂರು. ಉಂಗುರ ಬೆರಳು ಬರಿದು. ಆದರೆ ಅದು ಸುಮ್ಮನಿರುವುದಿಲ್ಲ. ಮೀಟಿದ ತಂತಿ ಮುಂದಿನ ಸ್ವರಕ್ಕೆ ಹೋಗುವಾಗ ಮಾರ್ದನಿಸುತ್ತ ಉಳಿಯದ ಹಾಗೆ ಹಗುರವಾಗಿ ತಾಗಿ ಅದನ್ನು ನಿಲ್ಲಿಸುತ್ತದೆ. ಜಾರಿಸಿ ನುಡಿಸುವ ವಾದ್ಯದಲ್ಲಿ ನಾದ ಹೊರಡಿಸುವಷ್ಟೇ ನಾದ ನಿಲ್ಲಿಸುವುದೂ ಮುಖ್ಯ. ಇಲ್ಲದಿದ್ದರೆ ಎಲ್ಲ ಸ್ವರಗಳೂ ಕಲಸಿಹೋಗುತ್ತವೆ. ಆ ಬೆರಳಿಗೆ ಲೋಹ ತೊಡಿಸಿದರೆ ತಾಗಿದಾಗಲೆಲ್ಲ ಸದ್ದು ಮಾಡುತ್ತದೆ. ಬರಿ ಬೆರಳಿನ ಚರ್ಮಕ್ಕೇ ಆ ಕೆಲಸ ಚೆನ್ನಾಗಿ ಬರುವುದು.

ಏನು ನುಡಿಸುತ್ತೀ ಎಂದು ಅವರು ಮೊದಲ ದಿನ ಕೇಳಿದ್ದು ಆಗ ಅರ್ಥವಾಯಿತು. ಒಂದೇ ತಂತಿಯ ಮೇಲೆ ಮೀಂಡಿನಲ್ಲಿ ಸಾಗುವ ಹಾಡಿಗೆ ಬೇಕಾಗುವ ಬೆರಳುಗಳ ಲೆಕ್ಕ ಬೇರೆ, ಮೂರು ನಾಲ್ಕು ತಂತಿಗಳನ್ನು ಒಟ್ಟಿಗೆ ಮೀಟಿ ಸ್ವರಮೇಳ ಕಟ್ಟುವ ಹವಾಯಿಯ ಶೈಲಿಗೆ ಬೇಕಾಗುವ ಲೆಕ್ಕ ಬೇರೆ. ಹಿಂದೂಸ್ತಾನಿ ಸಂಗೀತವನ್ನು ಈ ವಾದ್ಯದಲ್ಲಿ ನುಡಿಸುವ ದೇಬಾಶಿಶ್ ಭಟ್ಟಾಚಾರ್ಯ ಅವರು ತಮ್ಮ ಸಂಗೀತಕ್ಕೆ ಹೊಂದುವ ಮೂರು ಬೆರಳಿನ ಮೀಟಿನ ಪದ್ಧತಿಯನ್ನು ರೂಪಿಸಿಕೊಂಡಿದ್ದಾರೆ. ಯಾವ ಸಂಖ್ಯೆಯೂ ಎಲ್ಲರಿಗೂ ಸರಿಯಾದದ್ದಲ್ಲ. ಕಲಿಯುವಾಗ ಕಡಿಮೆಯಿಂದ ಶುರು ಮಾಡುವುದೂ ಸರಿಯೇ. ಆದರೆ ಕಡಿಮೆ ಮಾಡುವಾಗ ಬಿಟ್ಟ ಬೆರಳು ತಂತಿಯ ಮೇಲೆ ತೇಲುತ್ತ, ತನ್ನ ಸರದಿಗೆ ಕಾಯುತ್ತ ಇರಬೇಕು. ಮಡಚಿ ಒಳಗೆ ಹಾಕಿದರೆ ಮುಂದೆ ಅದನ್ನು ಬಿಡಿಸುವುದೇ ಪ್ರತ್ಯೇಕ ಪಾಠವಾಗುತ್ತದೆ.

ನಾನು 'ಬಿ' ವಿಭಾಗದಲ್ಲಿ ಮಾಡಿದ್ದು ಮಡಚುವ ಕೆಲಸ. ಎರಡು ಕಿರಣ ಹೇಳಿಕೊಟ್ಟದ್ದು ತಪ್ಪಲ್ಲ. "ಈ ಎರಡು ಗೊತ್ತಿದ್ದರೆ ಯಾವ ಚಿತ್ರವನ್ನಾದರೂ ಬಿಡಿಸಬಹುದು" ಎಂದದ್ದು ತಪ್ಪು. ಬೇರೆ ಕಿರಣಗಳೂ ಇವೆ, ಅವು ಬೇಕಾಗುವ ಜಾಗ ಮುಂದೆ ಬರುತ್ತದೆ ಎಂಬ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಆಗ ಆ ಹುಡುಗಿ ಕರಿಹಲಗೆಯ ಮುಂದೆ ಸಿಕ್ಕಿಕೊಂಡಾಗ ಅದು ಅವಳ ತಪ್ಪಾಗುತ್ತಿರಲಿಲ್ಲ. ಮೂರನೆಯ ಕಿರಣ ಬೇಕಾದ ಜಾಗವನ್ನು ಅವಳೇ ತಲುಪಿದ್ದಳು. ಅದನ್ನು ಕಾಣಬೇಕಾದ ನಾನು ಗಡಿಯಾರ ನೋಡುತ್ತಿದ್ದೆ.

ಮರುದಿನ ಮಾರ್ಗದರ್ಶಕ ಶಿಕ್ಷಕರಲ್ಲಿ ಹತ್ತು ನಿಮಿಷ ಕೇಳಿಕೊಂಡೆ. ಅವರಿಗೆ ಪಾಠ ಮುಂದಕ್ಕೆ ಹೋಗಬೇಕಿತ್ತು. ಆದರೂ ಕೊಟ್ಟರು. ತರಗತಿಗೆ ಹೋಗಿ ನಿನ್ನೆಯ ಚಿತ್ರವನ್ನು ಅವಳು ಬಿಡಿಸಿದ ಹಾಗೆಯೇ, ತಳದವರೆಗಿನ ಗೆರೆಯ ಸಮೇತ, ಬಿಡಿಸಿದೆ. "ನಿನ್ನೆ ಇದನ್ನು ತಪ್ಪು ಅಂದೆ. ಇದು ಸರಿ. ತಪ್ಪಿದ್ದದ್ದು ನಾನು ಹೇಳಿದ ಮಾತಿನಲ್ಲಿ" ಎಂದೆ. ಹೇಳುವಾಗ ಗಂಟಲು ಒಣಗಿತ್ತು. ಶಿಕ್ಷಕಿ ತಪ್ಪು ಒಪ್ಪಿಕೊಂಡರೆ ತರಗತಿಯ ಹಿಡಿತ ಹೋಗುತ್ತದೆ ಎಂದು ನಮ್ಮಲ್ಲಿ ಹಲವರು ಹೆದರುತ್ತೇವೆ. ನಾನೂ ಹೆದರಿದ್ದೆ. ತರಗತಿ ಸುಮ್ಮನೆ ಕರಿಹಲಗೆಯನ್ನೇ ನೋಡುತ್ತಿತ್ತು. ಆಮೇಲೆ ಸಿ ಕಿರಣವನ್ನು ಹೇಳಿಕೊಟ್ಟೆ. ಚಿತ್ರ ಮುಗಿಯಿತು. ಆಗ ಮುಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: "ಹಂಗಾರ ವಸ್ತು ಸಿ ಮ್ಯಾಲ ಇದ್ರ ಈ ಸಿ ಕಿರಣಾನೂ ಕೆಳಗ ಹೊಕ್ಕತಲ್ರಿ ಟೀಚರ್?" ಸರಿಯಾದ ಮಾತು. ಅಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಮೊದಲ ಎರಡೇ ಬೇಕು. ಯಾವ ಕಿರಣ ಎಲ್ಲಿ ಕೈಕೊಡುತ್ತದೆ ಎಂದು ಮಕ್ಕಳು ತಾವೇ ಒಂದು ಪಟ್ಟಿ ಮಾಡತೊಡಗಿದರು. ಅದು ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ.

ಆ ಹುಡುಗಿ ಏನೂ ಹೇಳಲಿಲ್ಲ. ಉಳಿದ ದಿನಗಳಲ್ಲಿ ಮತ್ತೆ ಕೈ ಎತ್ತಲೂ ಇಲ್ಲ. ಕೊನೆಯ ದಿನ ನೋಟ್‌ಬುಕ್ ತಿದ್ದುವಾಗ ಅವಳ ಪುಟದಲ್ಲಿ ಆ ನೆಟ್ಟನೆಯ ಗೆರೆಯೂ ಇತ್ತು, ಪಕ್ಕದಲ್ಲಿ ಸಿ ಕಿರಣದ ಚಿತ್ರವೂ ಇತ್ತು. ಎರಡನ್ನೂ ಪೆನ್ನಿನಲ್ಲಿ ಬಿಡಿಸಿದ್ದಳು. ನಾನು ಎರಡಕ್ಕೂ ಸರಿ ಗುರುತು ಹಾಕಿದೆ. ಅವಳು ಮತ್ತೆ ಕೈ ಎತ್ತದ್ದಕ್ಕೆ ನಾನೇ ಕಾರಣವೋ, ಅದು ಅವಳ ಸ್ವಭಾವವೋ ತಿಳಿಯುವಷ್ಟು ದಿನ ನಾನು ಅಲ್ಲಿರಲಿಲ್ಲ. ಬೋಧನಾಭ್ಯಾಸಕ್ಕೆ ಹೋದವರೆಲ್ಲ ಹೀಗೆ ಅರ್ಧ ತಿಳಿದೇ ಹಿಂದಿರುಗುತ್ತೇವೆ.

ಇದನ್ನು ಬರೆಯುವಾಗ ನಮ್ಮ ಸೂಕ್ಷ್ಮಬೋಧನೆಯ ದಿನಗಳೂ ನೆನಪಾಗುತ್ತವೆ. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಡ್ವೈಟ್ ಆಲೆನ್ ಮತ್ತು ಸಂಗಡಿಗರು ರೂಪಿಸಿದ ಈ ವಿಧಾನದ ತಿರುಳು ಕಾಕಾ ಹೇಳಿದ್ದೇ: ಒಂದು ಸಲಕ್ಕೆ ಒಂದು ಕೌಶಲ. ನಮ್ಮ ದೇಶದಲ್ಲಿ ರೂಢಿಯಲ್ಲಿರುವ 36 ನಿಮಿಷದ ಚಕ್ರದಲ್ಲಿ 6 ನಿಮಿಷ ಬೋಧನೆ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, ಮತ್ತೆ 6 ನಿಮಿಷ ಬೋಧನೆ, 6 ನಿಮಿಷ ಹಿಮ್ಮಾಹಿತಿ. ಪ್ರಶ್ನಿಸುವ ಕೌಶಲವನ್ನು ಅಭ್ಯಾಸ ಮಾಡುವ ದಿನ ನಾನು ಪ್ರಶ್ನೆಗಳನ್ನು ಎಷ್ಟು ಚೆನ್ನಾಗಿ ಕೇಳಿದೆ ಎಂದರೆ, ಉತ್ತರ ಕೇಳಿಸಿಕೊಳ್ಳುವ ಬೆರಳನ್ನು ಪೂರ್ತಿ ಮಡಚಿಟ್ಟಿದ್ದೆ. ಉತ್ತರ ಕೊಡುತ್ತಿದ್ದವರು ಸಹಪಾಠಿಗಳು. ಅವರಿಗೆ ನಿರೀಕ್ಷಿತ ಉತ್ತರ ಯಾವುದೆಂದು ಗೊತ್ತಿತ್ತು, ಅದನ್ನೇ ಕೊಡುತ್ತಿದ್ದರು. ಹಾಗಾಗಿ ಆ ಬೆರಳು ಮಲಗಿದ್ದು ಯಾರಿಗೂ ಕಾಣಲಿಲ್ಲ. ಸೂಕ್ಷ್ಮಬೋಧನೆ ಬೇಡ ಎಂದು ನಾನು ಹೇಳುತ್ತಿಲ್ಲ. ಅದಿಲ್ಲದೆ ಮೊದಲ ದಿನವೇ ಎಲ್ಲ ಕೌಶಲಗಳನ್ನೂ ತೊಟ್ಟು ನಿಂತಿದ್ದರೆ ನನ್ನ ಮೊದಲ ಮೂರು ವಾರದ ಗಿಟಾರಿನ ಗತಿಯೇ ಆಗುತ್ತಿತ್ತು. ಮುಂದಿನ ವರ್ಷದ ಗೆಳೆಯರಿಗೆ ಒಂದು ಕೋರಿಕೆ ಮಾತ್ರ: ಸೂಕ್ಷ್ಮಪಾಠದಲ್ಲಿ ವಿದ್ಯಾರ್ಥಿಯ ಪಾತ್ರ ವಹಿಸುವಾಗ ಒಬ್ಬರಾದರೂ ನಿರೀಕ್ಷೆ ಇಲ್ಲದ, ಆದರೆ ಸಮಂಜಸವಾದ ಉತ್ತರವೊಂದನ್ನು ಕೊಡಿ. ಎದುರು ನಿಂತ ಗೆಳತಿ ಆ ಕ್ಷಣದಲ್ಲಿ ತಡವರಿಸಿದರೆ ತಡವರಿಸಲಿ. ಶಾಲೆಯಲ್ಲಿ ತಡವರಿಸುವುದಕ್ಕಿಂತ ಅದು ವಾಸಿ.

ನನ್ನ ಪಾಠಯೋಜನೆಗಳಲ್ಲಿ ಈಗ ಒಂದು ಸಾಲು ಹೆಚ್ಚಾಗಿದೆ. ಕಲಿಕಾಂಶಗಳ ಕೆಳಗೆ ಎರಡು ಪ್ರಶ್ನೆ ಬರೆದುಕೊಳ್ಳುತ್ತೇನೆ: ಇಂದು ಏನನ್ನು ಬಿಟ್ಟಿದ್ದೇನೆ? ಅದು ಮಕ್ಕಳಿಗೆ ಯಾವ ಜಾಗದಲ್ಲಿ ಬೇಕಾಗುತ್ತದೆ? ಎರಡನೆಯದಕ್ಕೆ ಉತ್ತರ ಹುಡುಕಲು ಪ್ರತಿಯೊಂದು ಸಮಸ್ಯೆಯನ್ನೂ ಮಕ್ಕಳಿಗೆ ಕಲಿಸಿದ ಅಷ್ಟೇ ಸಲಕರಣೆಯಿಂದ ಮೊದಲು ನಾನೇ ಬಿಡಿಸಿ ನೋಡುತ್ತೇನೆ. ನನಗೆ ಗೊತ್ತಿರುವ ನಾಲ್ಕು ಕಿರಣಗಳಿಂದ ಬಿಡಿಸಿದರೆ ಅವರು ಎಲ್ಲಿ ಸಿಕ್ಕಿಕೊಳ್ಳುತ್ತಾರೆ ಎಂಬುದು ನನಗೆ ಕಾಣುವುದೇ ಇಲ್ಲ. ಇದಕ್ಕೆ ಹಿಡಿಯುವ ಸಮಯ ಹತ್ತು ನಿಮಿಷ. ಅಂದು ರಾತ್ರಿ ಬಿಡಿಸಿದ ಚಿತ್ರವನ್ನು ಹಿಂದಿನ ರಾತ್ರಿಯೇ ಬಿಡಿಸಿದ್ದರೆ ಈ ಲೇಖನದ ಅಗತ್ಯ ಇರುತ್ತಿರಲಿಲ್ಲ.

ಗಿಟಾರ್ ಮುಂದುವರಿದಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರಕ್ಕೆ ಪಿಕ್. ನಡುಬೆರಳು ಪೂರ್ತಿ ಎಚ್ಚರವಾಗಲು ಎರಡು ತಿಂಗಳು ಹಿಡಿಯಿತು. ಉಂಗುರ ಬೆರಳಿನದು ಡಬ್ಬಿಯಲ್ಲಿಯೇ ಇದೆ. ಬೆರಳು ಮಾತ್ರ ತಂತಿಯ ಮೇಲೆ ಇರುತ್ತದೆ. ಅದು ಒಳಗೆ ಸರಿದಾಗಲೆಲ್ಲ ಕಾಕಾ ಏನೂ ಹೇಳದೆ ತಮ್ಮ ಬೆರಳಿನಿಂದ ಅದನ್ನು ಒಮ್ಮೆ ತಟ್ಟಿ ಸುಮ್ಮನಾಗುತ್ತಾರೆ.